ಕಾಳು ಒಡೆಯೋ ಸಿಮ್ಯುಲೇಶನ್: ಕರ್ವ್ ಕೂಡಿದ್ರೆ ಸಾಲದು, ಜರಡಿ ಲೆಕ್ಕಾನೂ ಕೂಡ್ಬೇಕು

ಮರಳಿನ ಮೇಲೆ ಭಾರ ಬಿದ್ರೆ ಕಾಳುಗಳು ಜರುಗುತ್ವೆ, ತಿರುಗುತ್ವೆ, ಒತ್ತಾಗಿ ಕೂರುತ್ವೆ, ಇಷ್ಟು ಎಲ್ಲರಿಗೂ ಗೊತ್ತು. ಆದ್ರೆ ಲೋಡ್ ಜಾಸ್ತಿಯಾದ್ರೆ ಕಾಳೇ ಒಡೆದುಹೋಗುತ್ತೆ ಅನ್ನೋದು ಡಿಸೈನ್ ಮಾಡುವಾಗ ಎಷ್ಟೋ ಸಲ ಮರೆತೇಹೋಗುತ್ತೆ. ಚಿಪ್ಪು, ಹವಳದ ಚೂರಿಂದ ಆದ ಕಡಲ ಮರಳಲ್ಲಂತೂ ಇದು ಬೇಗ ಆಗುತ್ತೆ. 1980ರ ದಶಕದ ಶುರುವಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲಲ್ಲಿ ಗ್ಯಾಸ್ ತೆಗೆಯೋ ನಾರ್ತ್ ರ‍್ಯಾಂಕಿನ್ ಎ ಪ್ಲಾಟ್‌ಫಾರ್ಮಿಗೆ ಪೈಲ್ (ನೆಲದೊಳಗೆ ಇಳಿಸೋ ಉದ್ದದ ಆಧಾರ ಕಂಬ) ಇಳಿಸಿದಾಗ ಆ ಥರದ ಮರಳು ಪೈಲನ್ನ ಹಿಡ್ಕೊಂಡಿದ್ದು ಲೆಕ್ಕಕ್ಕಿಂತ ತುಂಬಾ ಕಮ್ಮಿ, ಆಮೇಲೆ ಫೌಂಡೇಶನ್ನನ್ನೇ ಬಲಪಡಿಸಬೇಕಾಗಿ ಬಂತು.

ಇದನ್ನ ಕಂಪ್ಯೂಟರಲ್ಲಿ ನೋಡೋಕೆ ನಾವು ಬಳಸೋದು ಡಿಸ್ಕ್ರೀಟ್ ಎಲಿಮೆಂಟ್ ಮೆಥಡ್, ಕಂಡಾಲ್ ಮತ್ತು ಸ್ಟ್ರ್ಯಾಕ್ 1979ರಲ್ಲಿ ಪ್ರಕಟಿಸಿದ ವಿಧಾನ. ಒಂದೊಂದು ಕಾಳೂ ಒಂದು ಗೋಲ, ಎರಡು ಗೋಲ ತಾಗಿದ ಕಡೆ ಒಂದು ಸ್ಪ್ರಿಂಗು ಮತ್ತೆ ಫ್ರಿಕ್ಷನ್, ಮಿಕ್ಕಿದ್ದು ನ್ಯೂಟನ್ ನಿಯಮ. ಇದರಲ್ಲಿ ಕಾಳು ತಾನಾಗಿ ಒಡೆಯಲ್ಲ, ಒಡೆಯೋದನ್ನ ನಾವೇ ಸೇರಿಸ್ಬೇಕು. ಒಂದು ದಾರಿ ಅಂದ್ರೆ ನೂರಾರು ಪುಟ್ಟ ಗೋಲಗಳನ್ನ ಬಾಂಡ್‌ನಿಂದ ಅಂಟಿಸಿ ಒಂದು ಕಾಳು ಮಾಡೋದು, ಬಾಂಡ್ ಕಿತ್ತುಕೊಂಡಂಗೆಲ್ಲ ಕಾಳು ಸೀಳುತ್ತೆ. ಇನ್ನೊಂದು, ಕಾಳಿನೊಳಗಿನ ಸ್ಟ್ರೆಸ್ (ಇಷ್ಟು ಜಾಗದ ಮೇಲೆ ಇಷ್ಟು ಬಲ ಅನ್ನೋ ಲೆಕ್ಕ) ಮಿತಿ ದಾಟಿದ ಕೂಡ್ಲೇ ಅದನ್ನ ತೆಗೆದು ಅದೇ ಜಾಗಕ್ಕೆ ಸಣ್ಣ ಗೋಲಗಳನ್ನ ಹಾಕೋದು. ಒಂದೇ ಕಾಳು ಹೇಗೆ ಸೀಳುತ್ತೆ ಅಂತ ನೋಡೋಕೆ ಮೊದಲನೇದೇ ಸರಿ, ಆದ್ರೆ ಪೈಲ್ ತುದಿ ಸುತ್ತ ಲಕ್ಷಾಂತರ ಕಾಳು ಬೇಕು ಅಂದಾಗ ನಾನು ಎರಡನೇದನ್ನೇ ಆರಿಸ್ಕೋತೀನಿ. ಅದರಲ್ಲೂ ತೊಡಕಿದೆ, ಹೊಸ ಗೋಲಗಳು ಒಂದರೊಳಗೊಂದು ತೂರಿಕೊಂಡ್ರೆ ಇಲ್ಲದ ಒತ್ತಡ ಹುಟ್ಟುತ್ತೆ, ತೂರಿಕೊಳ್ಳದಂಗೆ ಇಟ್ರೆ ಕಾಳಿನ ಒಂದಷ್ಟು ವಾಲ್ಯೂಮೇ ಮಾಯ ಆಗುತ್ತೆ.

ಆದ್ರೆ ಅಸಲಿ ಪ್ರಶ್ನೆ ಯಾವ ಕಾಳು ಒಡೆಯುತ್ತೆ ಅನ್ನೋದು. ದೊಡ್ಡ ಕಾಳಲ್ಲಿ ದೊಡ್ಡ ಬಿರುಕು ಇರೋ ಚಾನ್ಸ್ ಜಾಸ್ತಿ, ಹಾಗಾಗಿ ಅದರ ಸ್ಟ್ರೆಂತ್ ಕಮ್ಮಿ, ಮತ್ತೆ ಒಂದೇ ಸೈಜಿನ ಕಾಳುಗಳಲ್ಲೂ ಸ್ಟ್ರೆಂತ್ ಒಂದೇ ಇರಲ್ಲ, ಹಂಚಿಹೋಗಿರುತ್ತೆ. ಇದಕ್ಕೆ ವೈಬುಲ್ ಸೂತ್ರ ಹಾಕ್ತೀವಿ, ಎಷ್ಟು ಸ್ಟ್ರೆಸ್ಸಿಗೆ ಎಷ್ಟು ಪಾಲು ಕಾಳು ಉಳಿಯುತ್ತೆ ಅಂತ ಹೇಳೋ ಸೂತ್ರ ಅದು, ಅದರಲ್ಲಿ ಕ್ಯಾರೆಕ್ಟರಿಸ್ಟಿಕ್ ಸ್ಟ್ರೆಸ್ಸಿಗೆ ಸುಮಾರು 37% ಕಾಳು ಒಡೆಯದೆ ಉಳಿಯುತ್ವೆ. ಸ್ಟ್ರೆಂತ್ ಎಷ್ಟು ಹರಡಿದೆ ಅಂತ ಹೇಳೋ ಅಂಕಿ, ಅಂದ್ರೆ ವೈಬುಲ್ ಮಾಡ್ಯುಲಸ್, 3 ಅಂತ ಇಟ್ಕೊಂಡ್ರೆ ಸೈಜು ಅರ್ಧ ಆದಾಗ ಸ್ಟ್ರೆಂತ್ ಎರಡು ಪಟ್ಟು. ಹಾಗಾದ್ರೆ ದೊಡ್ಡವೆಲ್ಲ ಮೊದಲು ಪುಡಿ ಆಗ್ಬೇಕಲ್ವಾ? ಆಗಲ್ಲ! ದೊಡ್ಡ ಕಾಳಿನ ಸುತ್ತ ಸಣ್ಣವು ಮುತ್ತಿಕೊಂಡು ಎಲ್ಲಾ ಕಡೆಯಿಂದ ಒತ್ತುತ್ವೆ, ಒಳಗೆ ಸೀಳೋ ಎಳೆತ ಬೆಳೆಯೋಕೇ ಬಿಡಲ್ಲ, ಆದ್ರೆ ಎರಡು ಮೂರು ಕಡೆ ಮಾತ್ರ ತಾಗಿರೋ ಸಣ್ಣ ಕಾಳು ಅಡಕತ್ತರಿಗೆ ಸಿಕ್ಕ ಅಡಿಕೆ ಥರ ಹೋಳಾಗುತ್ತೆ. ಮ್ಯಾಕ್‌ಡೋವೆಲ್ ಮತ್ತು ಬೋಲ್ಟನ್ 1998ರಲ್ಲಿ ಈ ಎರಡನ್ನೂ, ಅಂದ್ರೆ ಸೈಜು ಮತ್ತೆ ಕಾಂಟ್ಯಾಕ್ಟ್ ಸಂಖ್ಯೆ, ಒಟ್ಟಿಗಿಟ್ಟು ವಿವರಿಸಿದ್ರು. ಭಾರೀ ಲೋಡ್ ಹಾಕಿ ತೆಗೆದ ಸ್ಯಾಂಪಲಲ್ಲಿ ಅಷ್ಟೊಂದು ಪುಡಿಯ ನಡುವೆ ಕೆಲವು ಮೂಲ ದೊಡ್ಡ ಕಾಳು ಹಾಗೇ ಕೂತಿರೋದು ಇದೇ ಕಾರಣಕ್ಕೆ.

ಅದಕ್ಕೇ ಯಾರಾದ್ರೂ ಸಿಮ್ಯುಲೇಶನ್ನಿನ ಸ್ಟ್ರೆಸ್-ಸ್ಟ್ರೈನ್ ಕರ್ವ್ (ಎಷ್ಟು ಒತ್ತಿದ್ರೆ ಮರಳು ಎಷ್ಟು ಆಕಾರ ಬದಲಿಸುತ್ತೆ ಅನ್ನೋ ಗೆರೆ) ಲ್ಯಾಬ್ ಕರ್ವಿಗೆ ಪರ್ಫೆಕ್ಟಾಗಿ ಕೂಡಿದೆ ಸರ್ ಅಂತ ತಂದ್ರೆ ನಾನು ಮೊದಲು ಕೇಳೋದು ಟೆಸ್ಟ್ ಆದ್ಮೇಲಿನ ಜರಡಿ ಲೆಕ್ಕ, ಅಂದ್ರೆ ಜರಡಿ ಹಿಡಿದಾಗ ಯಾವ ಸೈಜಿನ ಕಾಳು ಎಷ್ಟಿದೆ ಅನ್ನೋದು. ಸ್ಟ್ರೆಂತ್, ಫ್ರಿಕ್ಷನ್, ಸ್ಪ್ರಿಂಗ್ ಸ್ಟಿಫ್‌ನೆಸ್ ಮೂರನ್ನೂ ತಿರುಗಿಸ್ತಾ ಹೋದ್ರೆ ತಪ್ಪು ಕಾಳುಗಳನ್ನ ಒಡೆದೂ ಸರಿಯಾದ ಕರ್ವ್ ಬರಿಸ್ಬಹುದು, ಅದೇ ಮಾಡೆಲ್ ಬೇರೆ ಲೋಡಿಗೆ ಹೋದಾಗ ಕೈಕೊಡುತ್ತೆ. ಒಂದು ಕಾಳನ್ನ ಎರಡು ಪ್ಲೇಟ್ ನಡುವೆ ಒತ್ತಿ ಒಡೆಯೋ ಟೆಸ್ಟ್ ಮೊದಲು ಮಾಡಿ ಸ್ಟ್ರೆಂತ್ ಅಲ್ಲಿಂದಲೇ ತಗೊಳ್ಳಿ, ಪ್ರತಿ ಸೈಜಿಗೂ ಒಂದಷ್ಟು ಕಾಳು ಒಡೀರಿ, ಬೇಜಾರಿನ ಕೆಲಸ ನಿಜ, ಆದ್ರೆ ಬೇರೆ ದಾರಿ ಇಲ್ಲ.

ಕಂಪ್ಯೂಟರ್ ಟೈಮ್ ಬಗ್ಗೇನೂ ಹೇಳ್ಬೇಕು. ಟೈಮ್ ಸ್ಟೆಪ್ಪನ್ನ, ಅಂದ್ರೆ ಸಿಮ್ಯುಲೇಶನ್ ಒಂದೊಂದು ಲೆಕ್ಕಕ್ಕೆ ಮುಂದೆ ಹೋಗೋ ಪುಟ್ಟ ಸಮಯವನ್ನ, ನಿರ್ಧರಿಸೋದು ಅತಿ ಸಣ್ಣ ಗೋಲದ ತೂಕ, ಸ್ಟಿಫ್‌ನೆಸ್ ಅದೇ ಇಟ್ಟು ಸೈಜು ಹತ್ತನೇ ಒಂದು ಭಾಗ ಆದ್ರೆ ಸ್ಟೆಪ್ಪು ಮೂವತ್ತು ಪಟ್ಟಿಗೂ ಹೆಚ್ಚು ಚಿಕ್ಕದಾಗುತ್ತೆ, ಅದಕ್ಕೇ ಇಷ್ಟಕ್ಕಿಂತ ಸಣ್ಣದನ್ನ ಒಡೆಯಲ್ಲ ಅಂತ ಒಂದು ಮಿತಿ ಹಾಕ್ತೀವಿ. ಆ ಮಿತಿ ರಿಪೋರ್ಟಲ್ಲಿ ಬರೀಲೇಬೇಕು, ಯಾಕಂದ್ರೆ ತುಂಬಾ ಪುಡಿ ಆಗೋ ಲೋಡಲ್ಲಿ ಮಾಡೆಲ್ ಗಟ್ಟಿಯಾದಂಗೆ ಕಾಣೋದು ಎಷ್ಟೋ ಸಲ ಅದರಿಂದಲೇ. ಇನ್ನೊಂದು, ಮೇಲೆ ಹೇಳಿದ ಮಾಡೆಲ್‌ಗಳಲ್ಲಿ ನೀರೂ ಇಲ್ಲ, ಬಿರುಕು ನಿಧಾನವಾಗಿ ಬೆಳೆಯೋದೂ ಇಲ್ಲ, ಹಾಗಾಗಿ ಕಲ್ಲು ತುಂಬಿದ ಅಣೆಕಟ್ಟು ನೀರು ತಾಗಿದಾಗ ಕುಸಿಯೋದು, ವರ್ಷಗಟ್ಟಲೆ ಇಳೀತಾ ಹೋಗೋದು ಇದರಲ್ಲಿ ಬರಲ್ಲ, ಅದು ಬೇಕಾದ್ರೆ ಬಿರುಕಿನ ವೇಗಕ್ಕೆ ಬೇರೇನೇ ನಿಯಮ ಸೇರಿಸ್ಬೇಕು.