ಹೌಸಿಂಗ್ ಸೌಂಡ್ ಬಂತೆಂದು ಸ್ಪ್ಯಾನರ್ ಹಿಡಿಯುವ ಮುನ್ನ

ಡಿಫರೆನ್ಷಿಯಲ್ ಅಂದರೆ ಎಂಜಿನ್ನಿನ ಶಕ್ತಿಯನ್ನು ಎಡ-ಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ, ಅದರ ಹೊರಗೂಡೇ ಹೌಸಿಂಗ್. ಡಿಫರೆನ್ಷಿಯಲ್ ಹೋಯಿತು ಅಂತ ನನ್ನ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಎಷ್ಟೋ ಸಲ ಡಿಫರೆನ್ಷಿಯಲ್ ಕಲ್ಲುಗುಂಡಿನ ಹಾಗಿರುತ್ತದೆ. ಗೇರ್ ಹಾಕಿದಾಗ ‘ಟಕ್’ ಅಂದರೆ ಮೊದಲು ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್ಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಅಲುಗಾಡಿಸಿ ನೋಡಿ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಒಂದೇ ಸಮ ಗೊರಗುಟ್ಟಿ, ತಿರುವಿನಲ್ಲಿ ಸದ್ದು ಬದಲಾದರೆ ಅನುಮಾನ ವೀಲ್ ಬೇರಿಂಗ್ ಮೇಲೆ. ಒತ್ತಿದಾಗ ಮಾತ್ರ, ಇಲ್ಲವೇ ಬಿಟ್ಟಾಗ ಮಾತ್ರ ಕೂಗಿದರೆ ಕ್ರೌನ್-ಪಿನಿಯನ್ (ಒಳಗಿನ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಚಿಕ್ಕದು) ಕಡೆ ಬನ್ನಿ.

ಎಣ್ಣೆ ಇಳಿಸುವ ಮುಂಚೆ ಮೇಲಿನ ಫಿಲ್ಲಿಂಗ್ ಪ್ಲಗ್ ಬಿಚ್ಚಿಕೊಳ್ಳಿ. ಕಲಿಯುವ ಕಾಲದಲ್ಲಿ ನಾನು ಮೊದಲು ಕೆಳಗಿನದನ್ನು ಬಿಚ್ಚಿದೆ. ಎಣ್ಣೆಯೆಲ್ಲ ಸುರಿದ ಮೇಲೆ ನೋಡಿದರೆ ಮೇಲಿನದು ತುಕ್ಕು ಹಿಡಿದು ಕೂತಿದೆ! ಗಾಡಿ ಎರಡು ದಿನ ಅಲ್ಲೇ. ಇಳಿದ ಎಣ್ಣೆಯಲ್ಲಿ ಬೆರಳಾಡಿಸಿ. ಬೂದಿಯಂಥ ನುಣುಪು ಪುಡಿ ಸಹಜ ಸವೆತ. ಉಗುರಿಗೆ ಸಿಗುವ ಚೂರು ಬಂದರೆ ಹಲ್ಲೋ ಬೇರಿಂಗೋ ಹೋಗಿದೆ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಮಲೆನಾಡಿನ ತೋಟದ ಜೀಪುಗಳಲ್ಲಿ ಇದು ಮಾಮೂಲು. ಬಿಸಿಯಾದ ಹೌಸಿಂಗ್ ಹಳ್ಳಕ್ಕಿಳಿದು ಥಟ್ಟನೆ ತಣ್ಣಗಾದಾಗ ಬ್ರೀದರ್ ಎಂಬ ಗಾಳಿಕಿಂಡಿಯಿಂದ ನೀರು ಒಳಗೆಳೆದುಕೊಳ್ಳುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಸೀಲಿನ ಮೂಲಕ ಎಳೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ.

ಎಣ್ಣೆ, ಬ್ರೀದರ್, ಆಕ್ಸಲ್ ಸೀಲ್ ಇವಿಷ್ಟು ಮನೆಯಂಗಳದ ಕೆಲಸ. ಪಿನಿಯನ್ ಸೀಲೂ ಆಗುತ್ತದೆ, ಆದರೆ ನಟ್ಟಿಗೂ ಫ್ಲ್ಯಾಂಜಿಗೂ ಗುರುತು ಹಾಕದೆ ಬಿಚ್ಚಬೇಡಿ. ಕೆಲವು ಗಾಡಿಗಳಲ್ಲಿ ಬೇರಿಂಗ್ ಮೇಲೆ ಎಷ್ಟು ಒತ್ತಡ ಬೀಳಬೇಕೆಂಬುದನ್ನು ಆ ನಟ್ಟಿನ ಬಿಗಿಯೇ ತೀರ್ಮಾನಿಸುತ್ತದೆ. ಬಲವಿದೆ ಅಂತ ಬಿಗಿದರೆ ಬೇರಿಂಗ್ ಸುಟ್ಟುಕೊಳ್ಳುತ್ತದೆ.

ಕ್ರೌನ್-ಪಿನಿಯನ್ ಸೆಟ್ಟಿಂಗ್ ಮಾತ್ರ ಬೇರೆಯೇ ವಿದ್ಯೆ. ಇವೆರಡೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ, ಒಂದನ್ನಷ್ಟೇ ಬದಲಿಸುವ ಹಾಗಿಲ್ಲ. ಹಲ್ಲುಗಳ ನಡುವಿನ ಸಡಿಲ ಅನೇಕ ಗಾಡಿಗಳಲ್ಲಿ 0.15 ಮಿ.ಮೀ. ಆಸುಪಾಸು, ನಿಮ್ಮ ಗಾಡಿಯದು ಎಷ್ಟೆಂದು ಮ್ಯಾನುಯಲ್ ಹೇಳುತ್ತದೆ. ಕೈಗೆ ತಿಳಿಯುವ ಅಳತೆ ಅದಲ್ಲ, ಡಯಲ್ ಗೇಜ್ ಬೇಕು. ಹಲ್ಲಿಗೆ ನೀಲಿ ಬಳಿದು ತಿರುಗಿಸಿದರೆ ಗುರುತು ಹಲ್ಲಿನ ನಡುಮಧ್ಯೆ ಬೀಳಬೇಕು. ತುದಿಗೋ ಬುಡಕ್ಕೋ ಸರಿದರೆ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಮತ್ತೆ ಮೊದಲಿನಿಂದ. ಇಷ್ಟು ವರ್ಷವಾದರೂ ಒಂದೇ ಸಲಕ್ಕೆ ಕೂತರೆ ನನಗೆ ಆಶ್ಚರ್ಯವೇ.

ಮಾರುತಿ ಜಿಪ್ಸಿ ಇದ್ದವರಿಗೆ ಸುಲಭದ ದಾರಿಯಿದೆ. ಎರಡೂ ಆಕ್ಸಲ್ ಹೊರಗೆಳೆದು ಪ್ರೊಪೆಲ್ಲರ್ ಶಾಫ್ಟ್ ಕಳಚಿದರೆ ಸೆಟ್ಟಿಂಗ್ ಸಮೇತ ಹಿಂದಿನ ಡಿಫರೆನ್ಷಿಯಲ್ಲಿನ ಇಡೀ ಅಸೆಂಬ್ಲಿ ಮುಂದಿನಿಂದ ಈಚೆ ಬರುತ್ತದೆ. ಬರುವಾಗ ಕೆಳಗೆ ಜಾಕಿ ಇರಲಿ, ನಿಮ್ಮ ಎದೆಯಲ್ಲ. ಗಾಡಿ ಸ್ಟ್ಯಾಂಡಿನ ಮೇಲಿರಬೇಕೆಂದು ಬೇರೆ ಹೇಳಬೇಕೆ? ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಅಸೆಂಬ್ಲಿ ಕೊಳ್ಳುವವರು ಹಲ್ಲು ಎಣಿಸಿಯೇ ದುಡ್ಡು ಕೊಡಿ. ಕ್ರೌನಿನಲ್ಲಿ 41, ಪಿನಿಯನ್ನಿನಲ್ಲಿ 11 ಇದ್ದರೆ ರೇಶಿಯೊ 3.73. ಮುಂದಿನ ಡಿಫರೆನ್ಷಿಯಲ್ಲಿನದೂ ಅದೇ ಇರಬೇಕು. ಬೇರೆಯಾದರೆ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನದೂ ಹಿಂದಿನದೂ ಜಗ್ಗಾಡಿ ಏನಾದರೊಂದು ಮುರಿಯುತ್ತದೆ.

ಕೂರಿಸಿದ ಮೇಲೆ ಮ್ಯಾನುಯಲ್ ಹೇಳಿದ ಗ್ರೇಡಿನ ಹೈಪಾಯ್ಡ್ ಗೇರ್ ಆಯಿಲ್ ಹಾಕಿ, ಸಾಮಾನ್ಯವಾಗಿ ಜಿಎಲ್-5. ಗಾಡಿ ಸಮತಟ್ಟಾಗಿ ನಿಂತಿರಲಿ. ಮೇಲಿನ ತೂತಿನಿಂದ ಎಣ್ಣೆ ಹೊರಗೆ ಜಿನುಗತೊಡಗಿದಾಗ ನಿಲ್ಲಿಸಿ, ಪ್ಲಗ್ ಬಿಗಿಯಿರಿ.