ಪದ ಪರಿಚಯ: ನಿಭಾಯಿಸು

'ಓದು ಹೇಗೆ ನಡೀತಿದೆ?' ಅಂತ ಹತ್ತನೇ ಕ್ಲಾಸಿನ ಮಕ್ಕಳನ್ನು ಕೇಳಿ ನೋಡಿ. 'ಹೇಗೋ ಮ್ಯಾನೇಜ್ ಮಾಡ್ತಿದ್ದೀನಿ ಆಂಟಿ' ಅಂತಾರೆ. ಆ ಮ್ಯಾನೇಜಿಗೆ ನಮ್ಮಲ್ಲಿ 'ನಿಭಾಯಿಸು' ಎಂಬ ಪದ ಇದೆ. ಮನಶ್ಶಾಸ್ತ್ರದಲ್ಲಿ ಇದರ ಅರ್ಥವನ್ನು 1984ರಲ್ಲಿ ರಿಚರ್ಡ್ ಲಾಜರಸ್ ಮತ್ತು ಸುಸಾನ್ ಫೋಕ್‌ಮನ್ ಎಂಬ ಅಮೆರಿಕದ ಇಬ್ಬರು ಬಿಡಿಸಿ ಹೇಳಿದರು. ನಮ್ಮ ಶಕ್ತಿ ಮೀರುತ್ತಿದೆ ಅನ್ನಿಸಿದಾಗ ನಾವು ಯೋಚಿಸುವುದು, ಮಾಡುವುದು ಎಲ್ಲವೂ ನಿಭಾಯಿಸುವುದೇ. ಫಲ ಸಿಕ್ಕರೂ ಸಿಗದಿದ್ದರೂ ಹೆಸರು ಅದೇ.

ಅವರು ಹೇಳಿದ್ದು ಎರಡು ಬಗೆ. ಕೊಡಗಿನ ತೋಟದ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಾರ್ಚ್ ಬಂದರೂ ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ ಅಂದರೆ ಕೆರೆಗೆ ಪಂಪ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಇದು ಸಮಸ್ಯೆಗೇ ಕೈ ಹಾಕುವುದು. ಕಣದಲ್ಲಿ ಕಾಫಿ ಹರಡಿದ ದಿನವೇ ಮಳೆ ಬಿದ್ದರೆ? ಟಾರ್ಪಾಲು ಹೊದಿಸಿ ಒಳಗೆ ಬಂದು, ಆಕಾಶಕ್ಕೆ ನಾಲ್ಕು ಮಾತು ಬೈದು, ಬಿಸಿ ಕಾಫಿ ಕುಡಿಯುತ್ತೇವೆ. ಮಳೆ ನಿಲ್ಲಿಸಲು ಆಗಲ್ಲ, ಮನಸ್ಸನ್ನು ಸಮಾಧಾನ ಮಾಡಿಕೊಳ್ಳಬಹುದು. ಇದು ಎರಡನೆಯ ಬಗೆ.

ಯಾವುದಕ್ಕೆ ಯಾವುದು ಅನ್ನುವುದರಲ್ಲೇ ಎಡವಟ್ಟು ಆಗೋದು. ಪರೀಕ್ಷೆಗೆ ಮುಂಚೆ ಗಣಿತ ಅರ್ಥವಾಗದಿದ್ದರೆ ಮೇಷ್ಟ್ರನ್ನು ಕೇಳಬಹುದು. ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುವಾಗ ಮಾಡಲು ಏನೂ ಉಳಿದಿಲ್ಲ. ಆಗ ಬೇಕಾದ್ದು ಗೆಳೆಯರು, ಹಾಕಿ ಸ್ಟಿಕ್ಕು, ಅಳು ಬಂದರೆ ಅಳು. ಅಂಥ ಹುಡುಗನಿಗೆ 'ಇನ್ನೂ ಜಾಸ್ತಿ ಓದಬೇಕಿತ್ತು' ಅನ್ನುವುದು ಮಳೆ ಸುರಿಯುವಾಗ ಸ್ಪ್ರಿಂಕ್ಲರ್ ಹಾಕಿದ ಹಾಗೆ. ದೊಡ್ಡವರು ನಾವು ಇದನ್ನೇ ಮಾಡ್ತೀವಿ, ಅಲ್ವಾ?

ತಪ್ಪಿಸಿಕೊಳ್ಳುವುದೂ ನಿಭಾಯಿಸುವ ಒಂದು ದಾರಿಯೇ. ರಾತ್ರಿ ಹನ್ನೊಂದಕ್ಕೆ ರಜಾಯಿಯೊಳಗೆ ಮೊಬೈಲ್ ನೋಡುವವರಿಗೆ ಸಿಗುವ ನೆಮ್ಮದಿ ಸುಳ್ಳಲ್ಲ. ಬೆಳಿಗ್ಗೆ ಪಾಠ ಅಲ್ಲೇ ಇರುತ್ತದೆ, ನಿದ್ದೆ ಮಾತ್ರ ಹೋಗಿರುತ್ತದೆ. (ಮಕ್ಕಳ ಪರವಾಗಿ ಒಂದು ಮಾತು: ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಿದ್ದೆ ತರಿಸುತ್ತದೆ. ಎಲ್ಲವೂ ಸೋಮಾರಿತನ ಅಲ್ಲ.)

ಇನ್ನು, ನುಂಗಿಕೊಳ್ಳುವುದು. ಸೈನಿಕರ ಮನೆಗಳಿರುವ ಊರು ನಮ್ಮದು. 'ಗಟ್ಟಿಯಾಗಿರು' ಅನ್ನುವುದು ಇಲ್ಲಿ ಪ್ರೀತಿಯ ಮಾತು. ಆದರೆ ಮುಖ ಗಟ್ಟಿ ಇದ್ದ ಮಾತ್ರಕ್ಕೆ ಒಳಗಿನ ಕಾರ್ಟಿಸಾಲ್ (ಒತ್ತಡದ ಹಾರ್ಮೋನು) ಇಳಿಯುವುದಿಲ್ಲ. ಪೆನಾಲ್ಟಿ ಸ್ಟ್ರೋಕ್ ಹೊಡೆಯುವಾಗ ಎದೆ ಹೊಡೆದುಕೊಂಡರೆ ಒಳ್ಳೆಯದೇ, ಮೈ ಚುರುಕಾಗುತ್ತದೆ. ಅದೇ ಸ್ಥಿತಿ ವಾರಗಟ್ಟಲೆ ಉಳಿದರೆ ನಿದ್ದೆ ಕೆಡುತ್ತದೆ, ಸುಮ್‌ಸುಮ್ನೆ ಸಿಟ್ಟು, ಹೊಟ್ಟೆನೋವು. ಇಷ್ಟದ ಆಟವೂ ಬೇಡ ಅನ್ನಿಸುತ್ತದೆ. ಭಾವನೆಗಳ ಆರೋಗ್ಯ ಅಂದರೆ ಸದಾ ನಗುತ್ತಿರುವುದು ಅಂತಲ್ಲ. ದುಃಖ ಬರಬೇಕು, ಬಂದದ್ದು ಹೋಗಲೂ ಬೇಕು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಚಿಕ್ಕವರಿದ್ದವರು ಈಗ ಹದಿಹರೆಯಕ್ಕೆ ಬಂದಿದ್ದಾರೆ. ರಾತ್ರಿ ಮಳೆ ಜೋರಾದರೆ ಅವರಲ್ಲಿ ಕೆಲವರು ಎದ್ದು ಕೂತರೆ ಆಶ್ಚರ್ಯವಿಲ್ಲ. 'ಏನೂ ಆಗಲ್ಲ, ಮಲಕ್ಕೋ' ಅನ್ನುವ ಬದಲು ಪಕ್ಕದಲ್ಲಿ ಕೂತು 'ನನಗೂ ಹೆದರಿಕೆ ಆಗ್ತದೆ' ಅಂತ ಅಪ್ಪ ಹೇಳಿದರೆ ಅಲ್ಲಿಂದ ಮಾತು ಶುರುವಾಗುತ್ತದೆ. ಮನೆಯವರ ಹತ್ತಿರ ಹೇಳಲು ಆಗದವರಿಗೆ 14416 ಇದೆ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.