ಸ್ಪ್ಯಾನಿಷ್ ಬರದೆ ಗ್ವಾಟೆಮಾಲಾದ ಬಸ್ ಹತ್ತಬಹುದಾ?

ಪ್ರಶ್ನೆ: ಅಂತಿಗ್ವಾದಿಂದ ಪನಹಚೆಲ್‌ಗೆ ಹೋಗಬೇಕು. ಸ್ಪ್ಯಾನಿಷ್ ಬರುವುದಿಲ್ಲ. ಲೋಕಲ್ ಬಸ್ ಬಿಟ್ಟು ಟೂರಿಸ್ಟ್ ವ್ಯಾನ್ ಹಿಡಿಯುವುದೇ ವಾಸಿ ಅಲ್ವಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲವಾದರೂ ಪೂರ್ತಿ ಓದಿ. ಬಸ್ಸನ್ನೇ ಹತ್ತಿ. ಬೆಳಿಗ್ಗೆ ಬೇಗ ಹೊರಟು, ಕತ್ತಲಾಗುವ ಮುಂಚೆ ಊರು ಸೇರಿ. ರಾತ್ರಿ ಹೊತ್ತು ದರೋಡೆಯ ಭಯ ನಿಜ, ಅಲ್ಲಿ ಹಠ ಬೇಡ.

ಆದರೆ ಭಾಷೆಯ ಭಯಕ್ಕೆ ಬುಡವೇ ಇಲ್ಲ. ಪಕ್ಕದ ಸೀಟಿನವರೆಲ್ಲ ಮನೆಯಲ್ಲೂ ಸ್ಪ್ಯಾನಿಷ್ ಆಡುವವರು ಅಂದುಕೊಂಡಿದ್ದೀರಿ. ಗ್ವಾಟೆಮಾಲಾದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ 22 ಭಾಷೆಗಳಿವೆ. ಚಿಮಾಲ್ತೆನಾಂಗೊ ಕಡೆ ಕಕ್ಚಿಕೆಲ್, ಚಿಚಿಕಾಸ್ತೆನಾಂಗೊ ಕಡೆ ಕಿಚೆ. ಗುರುವಾರ, ಭಾನುವಾರ ಚಿಚಿಕಾಸ್ತೆನಾಂಗೊ ಸಂತೆಗೆ ಗಂಟು ಹೊತ್ತು ಹೊರಟ ಎಷ್ಟೋ ಅಜ್ಜಿಯರಿಗೆ ಸ್ಪ್ಯಾನಿಷ್ ಆಮೇಲೆ ಕಲಿತ ಭಾಷೆ. ಬಾರದ ಭಾಷೆಯಲ್ಲಿ ಕೆಲಸ ಸಾಗಿಸುವುದು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಉಚ್ಚಾರಣೆ. ಇದನ್ನು ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ. ಇಂಗ್ಲಿಷಿನವರು ತಿಣುಕುವ ತ, ದ ನಮಗೆ ಹುಟ್ಟಿನಿಂದಲೇ ಬಂದಿವೆ. ಅ, ಎ, ಇ, ಒ, ಉ ಸರಿಯಾಗಿ ಅಂದರೆ ಸ್ವರಗಳು ಮುಗಿದವು. 'ಅಂಟಿಗ್ವಾ' ಅನ್ನಬೇಡಿ, ಅಂತಿಗ್ವಾ ಅನ್ನಿ. ಬಸ್ಸಿಗೆ ಬೇಕಾದ ಮಾತುಗಳೂ ಇಷ್ಟೇ: ಎಷ್ಟು ಅನ್ನುವುದಕ್ಕೆ 'ಕ್ವಾಂತೊ', ಇಲ್ಲಿ ಇಳಿಯುತ್ತೇನೆ ಅನ್ನುವುದಕ್ಕೆ 'ಮೆ ಬಾಹೊ ಆಕಿ', ಜೊತೆಗೆ ಐವತ್ತರವರೆಗೆ ಎಣಿಕೆ. ಒಂದು ಸಂಜೆ ಕೂತರೆ ಬಾಯಿಗೆ ಬರುತ್ತದೆ.

ಬಸ್ಸುಗಳು ಅಮೆರಿಕದ ಹಳೆಯ ಸ್ಕೂಲ್ ಬಸ್ಸುಗಳು, ಬಣ್ಣ ಬಳಿದು ಮಿರಮಿರ ಮಿಂಚುತ್ತಿರುತ್ತವೆ. ಊರವರು ಕಾಮ್ಯೊನೇತಾ ಅನ್ನುತ್ತಾರೆ. ಎರಡು ಮಕ್ಕಳ ಸೀಟಿನಲ್ಲಿ ಮೂವರು ದೊಡ್ಡವರು, ಒತ್ತಿಕೊಂಡು ಕೂರಿ. ಅಂತಿಗ್ವಾದ ಮಾರ್ಕೆಟ್ ಹಿಂದಿನಿಂದ ಚಿಮಾಲ್ತೆನಾಂಗೊ, ಅಲ್ಲಿಂದ ಲೋಸ್ ಎನ್‌ಕ್ವೆಂತ್ರೋಸ್ ಕೂಡುರಸ್ತೆ, ಸೊಲೊಲಾ, ಆಮೇಲೆ ಪನಹಚೆಲ್ ಇರುವ ಕೆರೆಯ ದಂಡೆಗೆ ಇಳಿಯುವ ದಾರಿ. ಬಾಗಿಲಲ್ಲಿ ನೇತಾಡುತ್ತ ಊರಿನ ಹೆಸರು ಕೂಗುವವನು ಆಯುದಾಂತೆ, ಅಂದರೆ ಕಂಡಕ್ಟರ್. ದೊಡ್ಡ ಬ್ಯಾಗನ್ನು ಅವನೇ ಟಾಪಿಗೆ ಏರಿಸುತ್ತಾನೆ. ಪಾಸ್‌ಪೋರ್ಟ್ ಇರುವ ಚೀಲ ಮಾತ್ರ ತೊಡೆ ಮೇಲೇ ಇರಲಿ. ದುಡ್ಡು ಬಸ್ ಹೊರಟ ಮೇಲೆ ಕೇಳುತ್ತಾನೆ. ಅಕ್ಕಪಕ್ಕದವರು ಎಷ್ಟು ಕೊಡುತ್ತಾರೆ ನೋಡಿಕೊಂಡು ಅಷ್ಟೇ ಕೊಡಿ. ಅಲ್ಲಿನ ದುಡ್ಡು ಕೆತ್ಸಾಲ್; 5, 10ರ ನೋಟು ಕೈಯಲ್ಲಿರಲಿ, ನೂರರ ನೋಟು ಚಾಚಿದರೆ ಚಿಲ್ಲರೆ ಸಿಗುವುದು ಕಷ್ಟ.

ನೀವು ಊಟದ ಬಗ್ಗೆ ಕೇಳಲಿಲ್ಲ, ಆದರೆ ಭಾಷೆ ನಿಜವಾಗಿ ಬೇಕಾಗುವುದು ಅಲ್ಲೇ. ಸಸ್ಯಾಹಾರಿಗಳು 'ಸಿನ್ ಕಾರ್ನೆ', ಅಂದರೆ ಮಾಂಸ ಇಲ್ಲದೆ, ಅಂತ ಮಾತ್ರ ಕಲಿತು ಹೋಗುತ್ತಾರೆ. ಕಾರ್ನೆ ಅಂದರೆ ಎಷ್ಟೋ ಕಡೆ ದನದ ಮಾಂಸ ಅಂತಲೇ ಅರ್ಥ, ಹಾಗಾಗಿ ತಟ್ಟೆಗೆ ಕೋಳಿ ಬರುತ್ತದೆ. 'ಸಿನ್ ಕಾರ್ನೆ, ಸಿನ್ ಪೊಯೊ' ಅನ್ನಿ, ಪೊಯೊ ಅಂದರೆ ಕೋಳಿ. ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಹಾಕಿರಬಹುದು, ಅದಕ್ಕೆ 'ಸಿನ್ ಮಾಂತೆಕಾ' ಅಂತ ಸೇರಿಸಿ. ಮೆಕ್ಕೆಜೋಳದ ತೊರ್ತಿಯಾವನ್ನು ಅಂಗೈಯಲ್ಲೇ ಚಪಚಪ ತಟ್ಟಿ ಹಂಚಿನ ಮೇಲೆ ಹಾಕುತ್ತಾರೆ. ಬಿಸಿ ಇರುವಾಗಲೇ ತಿನ್ನಿ.